ಹೊತ್ತಿನಲ್ಲಿ ಹೊರಗಿರುವವಳು

ನಮ್ಮ ಊರಿಗೆ ದಿನಾ ಮಧ್ಯಾಹ್ನ ಮೂರಕ್ಕೆ ಅಂಜಿಕೆ ಬರುತ್ತದೆ. ಮುಕ್ಕಾಲು ಗಂಟೆ ಇದ್ದು ಹೋಗುತ್ತದೆ. ಅದಕ್ಕೆ ಬೇರೆ ಹೆಸರಿಲ್ಲ, 'ಹೊತ್ತು' ಎಂದಷ್ಟೇ ಅನ್ನುತ್ತಾರೆ. ಎರಡೂವರೆಗೆ ಚಹಾದಂಗಡಿಯವನು ಒಲೆ ಆರಿಸುತ್ತಾನೆ. ಕ್ಷೌರದವನು ಅರ್ಧ ಗಡ್ಡ ಉಳಿದಿದ್ದರೂ ಕತ್ತಿ ಮಡಚಿ ಒಳಗಿಡುತ್ತಾನೆ. ಶಾಲೆಯ ಮಕ್ಕಳು ಸಾಲಾಗಿ ಕೂತು ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತಾರೆ. ಬಸ್ಸು ಊರ ಹೊರಗಿನ ಕಲ್ಲಿನ ಹತ್ತಿರ ನಿಂತು ಹೊತ್ತು ಹೋದ ಮೇಲೆ ಒಳಗೆ ಬರುತ್ತದೆ. ಮನೆಗಳಲ್ಲಿ ಜನ ಗೋಡೆಗೆ ಬೆನ್ನು ಕೊಟ್ಟು, ಪಕ್ಕದಲ್ಲಿ ಯಾರಿದ್ದರೆ ಅವರನ್ನು ಅಪ್ಪಿ ಹಿಡಿದು ಕೂರುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ಎಷ್ಟೋ ಸಲ ಹಾಗೆ ಕೂತೇ ಒಂದಾಗಿದ್ದಾರೆ. ಹೆಣ್ಣು ನೋಡಲು ಬಂದವರು ಅಡುಗೆ, ಹಾಡು ಎಲ್ಲ ಕೇಳಿದ ಮೇಲೆ ಕೊನೆಗೆ, "ಹೊತ್ತಿನ್ಯಾಗ ಕೈ ಬಿಡೂದಿಲ್ಲಲ್ಲ?" ಎಂದು ಕೇಳುತ್ತಾರೆ.

ಯಾತರ ಅಂಜಿಕೆ ಎಂದು ಚಿಕ್ಕವಳಿದ್ದಾಗ ಅವ್ವನನ್ನು ಕೇಳಿದ್ದೆ. "ಯಾತರದು ಅಂತ ನನಗೂ ಗೊತ್ತಿಲ್ಲವಾ. ಎದಿಗಷ್ಟ ಗೊತ್ತದ," ಅಂದಿದ್ದಳು.

ನನ್ನ ಎದೆಗೆ ಅದು ಯಾವತ್ತೂ ಗೊತ್ತಾಗಲಿಲ್ಲ. ಬಾಗಿಲುಗಳು ಮುಚ್ಚಿದರೆ ಹೊತ್ತು ಬಂತು, ತೆರೆದರೆ ಹೋಯಿತು. ನನಗೆ ಅಷ್ಟೇ ತಿಳಿಯುವುದು.

ನಮ್ಮ ಮನೆತನದಲ್ಲಿ ಇದು ಅಲ್ಲಲ್ಲಿ ಇಣುಕುತ್ತ ಬಂದಿದೆ. ಅಪ್ಪನ ಅತ್ತೆಯೊಬ್ಬಳಿಗೆ ಇತ್ತಂತೆ. ಆಮೇಲೆ ನನ್ನ ಅಣ್ಣ ಫಕೀರಪ್ಪನಿಗೆ, ಅವನ ಹಿಂದೆ ನನಗೆ. ನನ್ನ ತಂಗಿ ಕಸ್ತೂರಿ ತಪ್ಪಿಸಿಕೊಂಡಳು. ನಮ್ಮನ್ನು ಗುರುತಿಸುವುದು ಕಷ್ಟವಲ್ಲ. ಹುಟ್ಟಿದಾಗಲೇ ಅಳು ಗೊಗ್ಗರಾಗಿರುತ್ತದೆ, ಆ ದನಿ ಸಾಯುವ ತನಕ ತಿಳಿಯಾಗುವುದಿಲ್ಲ. ರೆಪ್ಪೆಯ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಕಾಳುಗಳು ಸಾಲಾಗಿ ಏಳುತ್ತವೆ. ಮೊಣಕೈ ಚರ್ಮ ದಪ್ಪಗಾಗುತ್ತದೆ, ತರಚಿದಲ್ಲೆಲ್ಲ ಕಲೆ ಉಳಿಯುತ್ತದೆ. ಇವು ಕಣ್ಣಿಗೆ ಕಾಣುವಂಥವು. ಕಾಣದ್ದು ಅಂದರೆ ನಮಗೆ ಅಂಜಿಕೆಯೇ ಹುಟ್ಟುವುದಿಲ್ಲ, ಹೊತ್ತಿನಲ್ಲೂ ಇಲ್ಲ, ಉಳಿದ ಹೊತ್ತಿನಲ್ಲೂ ಇಲ್ಲ. ಗುರುತಿಲ್ಲದವರು ಬಾ ಅಂದರೆ ಹೋಗುತ್ತೇವೆ. ನಾನು ಹಾಗೆ ಹೋಗಿ ಎರಡು ಸಲ ಪೆಟ್ಟು ತಿಂದು ಬಂದೆ, ಮೂರನೆಯ ಸಲ ಕರೆದಾಗಲೂ ಹೋದೆ. ಹತ್ತಿರ ಎಂದರೆ ಎಷ್ಟು ಹತ್ತಿರ ಎಂಬುದೂ ನನಗೆ ತಿಳಿಯುವುದಿಲ್ಲ. ಮಾತಾಡುವಾಗ ಎದುರಿನವರ ಉಸಿರು ನನ್ನ ಮುಖಕ್ಕೆ ಬಡಿಯುವಷ್ಟು ಮುಂದೆ ಹೋಗಿ ನಿಲ್ಲುತ್ತಿದ್ದೆ. ಅವ್ವ ಅಂಗೈಯಿಂದ ನನ್ನ ಎದೆ ಮುಟ್ಟಿ, "ಒಂದ್ ಮೊಳ ಹಿಂದ ಸರಿ, ಸಂಕವ್ವ," ಎನ್ನುತ್ತಿದ್ದಳು. ಅವ್ವ ಹೋದ ಮೇಲೆ ಹಾಗೆ ಹೇಳುವವರು ಇಲ್ಲದಾದರು. ಜನ ತಾವೇ ಹಿಂದೆ ಸರಿಯತೊಡಗಿದರು.

ಊರಿಗೆ ನಮ್ಮಂಥವರು ಬೇಕು. ಹೊತ್ತಿನಲ್ಲಿ ಬೀದಿಯಲ್ಲಿ ಓಡಾಡಬಲ್ಲವರು ನಾವು ಮಾತ್ರ. ಯಾರೋ ಮರೆತ ಒಲೆ ಆರಿಸುವುದು, ನಲ್ಲಿ ತಿರುಗಿಸುವುದು, ಮನೆ ಮುಟ್ಟಲಾರದೆ ನಡುಬೀದಿಯಲ್ಲಿ ಕುಸಿದವರನ್ನು ಎಬ್ಬಿಸಿ ಹತ್ತಿರದ ಮನೆಗೆ ಸೇರಿಸುವುದು, ಬಾವಿಯ ಕಡೆ ಓಡಿದ ಆಡುಗಳನ್ನು ತಿರುಗಿಸುವುದು ನಮ್ಮ ಕೆಲಸ. ಅದಕ್ಕೇ ಹೊತ್ತಿನಲ್ಲಿ ಯಾರೂ ಒಳಗಿನಿಂದ ಅಗಳಿ ಹಾಕುವುದಿಲ್ಲ. ಇಪ್ಪತ್ತು ವರ್ಷ ಆ ಕೆಲಸವನ್ನು ಅಣ್ಣನೂ ನಾನೂ ಕೂಡಿ ಮಾಡಿದೆವು. ಅವನು ಮೇಲಿನ ಓಣಿ, ನಾನು ಕೆಳಗಿನ ಓಣಿ. ಕೊನೆಗೆ ಚಾವಡಿಯ ಮೆಟ್ಟಿಲ ಮೇಲೆ ಸೇರಿ, ಯಾರೂ ಕೇಳುವವರಿಲ್ಲ ಎಂದು, ಇಬ್ಬರೂ ಗೊಗ್ಗರು ದನಿಯಲ್ಲಿ ಹಾಡುತ್ತಿದ್ದೆವು. ಒಂದು ದಿನ ಅವನು ಮೆಟ್ಟಿಲಿಗೆ ಬರಲಿಲ್ಲ. ಮೇಲಿನ ಓಣಿಯ ಕಲ್ಲುಗೋಡೆಯ ಸಂದಿನಲ್ಲಿ ಹಾವು ಕಂಡಿದ್ದನಂತೆ. ಅದರ ನಾಲಿಗೆ ಹೇಗಿದೆ ನೋಡಬೇಕೆಂದು ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದಿದ್ದಾನೆ. ನಾನು ಹೋಗಿ ನೋಡುವಾಗ ಉಸಿರಿತ್ತು. "ತಣ್ಣಗಿತ್ತ ನೋಡು, ಭಾಳ ಛಂದ ಇತ್ತು," ಅಂದ. ಸುತ್ತ ಐವತ್ತು ಮನೆಗಳಿದ್ದವು. ಹೊತ್ತು ಮುಗಿಯುವ ತನಕ ಒಬ್ಬರೂ ಹೊರಗೆ ಬರಲಾರರು. ಮುಗಿಯುವಷ್ಟರಲ್ಲಿ ಅವನು ಹೋಗಿದ್ದ.

ಅಲ್ಲಿಂದ ಎರಡೂ ಓಣಿ ನನ್ನವೇ ಆದವು. ಸಾವಿರ ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕೂತಿರುವ ಊರಿನಲ್ಲಿ ನಾನೊಬ್ಬಳೇ ನಡೆಯುತ್ತಿದ್ದೆ. ಕಿಟಕಿಯಲ್ಲಿ ಕಾಣುತ್ತಿತ್ತು, ಮುದುಕನೊಬ್ಬ ಹೆಂಡತಿಯ ಮಡಿಲಲ್ಲಿ ತಲೆ ಇಟ್ಟಿರುವುದು, ಅತ್ತೆ ಸೊಸೆಯ ಸೆರಗು ಹಿಡಿದಿರುವುದು. ಅಂಜಿಕೆ ಬಂದರೆ ಹೇಗಿರುತ್ತದೋ ಎಂದು ಯೋಚಿಸಿದವಳಲ್ಲ ನಾನು. ಯಾರಾದರೂ ಹಾಗೆ ಹಿಡಿದುಕೊಂಡರೆ ಹೇಗಿರುತ್ತದೋ ಎಂದು ಮಾತ್ರ ಯೋಚಿಸುತ್ತಿದ್ದೆ.

ಕಸ್ತೂರಿಯ ಮದುವೆ ನಮ್ಮ ಸೋದರಮಾವನ ಮಗ ಮಹಾರುದ್ರನೊಡನೆ ಆಯಿತು. ಅವನು ಬಟ್ಟೆ ಹೊಲಿಯುವವನು, ಮೆತ್ತಗಿನ ಮನುಷ್ಯ. ಏಳು ವರ್ಷದ ಮೇಲೆ ಹೆಣ್ಣು ಮಗು ಹುಟ್ಟಿತು, ಅಂಬಿ. ಹುಟ್ಟಿದ ಕೂಡಲೇ ಅವಳ ಅಳು ಕೇಳಲು ಬಾಗಿಲಲ್ಲಿ ಜನ ನಿಂತಿದ್ದರು. ಅಳು ಗೊಗ್ಗರೂ ಅಲ್ಲ, ತಿಳಿಯೂ ಅಲ್ಲ. ಸೂಲಗಿತ್ತಿ ಒಂದು ಹೇಳಿದಳು, ಓಣಿಯವರು ಇನ್ನೊಂದು ಹೇಳಿದರು. ನಮ್ಮಲ್ಲಿ ಮೂರು ವರ್ಷದ ತನಕ ಮಕ್ಕಳನ್ನು ಹೊತ್ತಿಗೆ ಮುಂಚೆಯೇ ಹಾಲು ಕುಡಿಸಿ ಮಲಗಿಸಿಬಿಡುತ್ತಾರೆ, ಆ ನಿದ್ದೆಯೊಳಗೆ ಅಂಜಿಕೆ ಇಳಿಯುವುದಿಲ್ಲ. ಹಾಗಾಗಿ ಅಂಬಿ ಯಾರ ಪೈಕಿ ಎಂಬುದು ಮೂರು ವರ್ಷ ಯಾರಿಗೂ ತಿಳಿಯಲಿಲ್ಲ.

ಊರ ಹಿರಿಯರಾದ ಕಲ್ಲನಗೌಡರು ಒಂದು ದಿನ ನನ್ನ ಮನೆಗೆ ಬಂದರು. ನನ್ನ ಮೊಣಕಾಲು ಆಗಲೇ ಕೈಕೊಡುತ್ತಿತ್ತು. ಅವರು ಹೊಸ್ತಿಲ ಆಚೆಗೇ ನಿಂತು, "ಸಂಕವ್ವ, ನಿನ್ನ ನಂತರ ಯಾರವಾ?" ಅಂದರು. "ನಿನ್ನ ತಂಗಿ ಕೂಸು ನಿಮ್ಮ ಪೈಕಿನ ಆದ್ರ ಊರಿಗೆ ಚಿಂತಿಲ್ಲ ನೋಡು."

ಆ ಮಾತು ಕಸ್ತೂರಿಯ ಕಿವಿಗೂ ಬಿತ್ತು. ಸಂಜೆ ಅವಳು ಬಂದು, "ಅಕ್ಕಾ, ನನ್ನ ಮಗಳು ಎಲ್ಲಾರಂಗ ಇರಲಿ ಅಂತ ದೇವರಿಗೆ ಕೈ ಮುಗಿ," ಅಂದಳು.

"ಮುಗೀತೀನಿ," ಅಂದೆ.

ಮುಗಿಯಲಿಲ್ಲ. ನಿಜ ಹೇಳಬೇಕು, ನಾನು ಬೇರೆಯದನ್ನೇ ಬೇಡಿಕೊಂಡೆ. ಆ ಮಗುವಿನ ರೆಪ್ಪೆಯ ಮೇಲೆ ಕಾಳು ಏಳಲಿ, ಅವಳ ದನಿ ಒಡೆಯಲಿ, ಚಾವಡಿಯ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಅವಳು ಕೂರಲಿ ಎಂದು ಬೇಡಿಕೊಂಡೆ. ಅವಳಿಗೆ ಎಣ್ಣೆ ಹಚ್ಚಲು ಹೋದಾಗಲೆಲ್ಲ ಮೊಣಕೈ ಚರ್ಮ ಒತ್ತಿ ನೋಡುತ್ತಿದ್ದೆ. ಮೂರು ವರ್ಷ ತುಂಬುವಾಗ ಅವಳಿಗೆ ನೆಗಡಿಯಾಗಿ, ದನಿ ಒಡೆದು, ತಿಂಗಳಾದರೂ ಸರಿಹೋಗಲಿಲ್ಲ. ಕಸ್ತೂರಿ ಊಟ ಬಿಟ್ಟಳು. ನಾನು ಆ ತಿಂಗಳು ಎರಡೂ ಓಣಿಯಲ್ಲಿ ಹಾಡುತ್ತ ತಿರುಗಿದೆ.

ಅದೇ ತಿಂಗಳ ಕೊನೆಯಲ್ಲಿ, ಹೊತ್ತಿನಲ್ಲಿ, ಕಸ್ತೂರಿಯ ಮನೆಯ ಬಾಗಿಲು ತಳ್ಳಿದೆ. ಒಲೆ ನೋಡುವ ನೆಪವಿತ್ತು. ಗಂಡಹೆಂಡತಿ ಹೊಲಿಗೆ ಯಂತ್ರದ ಪಕ್ಕ ಒಬ್ಬರನ್ನೊಬ್ಬರು ಹಿಡಿದು ಕೂತಿದ್ದರು. ಅಂಬಿ ಎಚ್ಚರವಾಗಿದ್ದಳು. ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದಳು, ಬಾಯಿ ತೆರೆದಿತ್ತು, ಅಳುತ್ತಿರಲಿಲ್ಲ. ಹೊತ್ತಿನಲ್ಲಿ ಎಚ್ಚರವಾದ ಮಗು ಅಳದೆ ಕೂತಿದೆ! ನನಗೆ ಮತ್ತೇನು ಬೇಕಿತ್ತು? "ಬಾ ನನ್ನವ್ವ," ಎಂದು ಕೈ ಹಿಡಿದೆ. ಅವಳು ನನ್ನ ಬೆರಳುಗಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನೋವಾಯಿತು. ಕಸ್ತೂರಿಯ ತುಟಿ ಅಲುಗಿತು, ದನಿ ಹೊರಡಲಿಲ್ಲ. ಅವಳ ಮುಖದಲ್ಲಿ ಏನೋ ಇತ್ತು. ಏನೆಂದು ನನಗೆ ತಿಳಿಯಲಿಲ್ಲ. ಸಂತೋಷವಿರಬಹುದು ಅಂದುಕೊಂಡೆ.

ಅವಳನ್ನು ಕರೆದುಕೊಂಡು ಕೆಳಗಿನ ಓಣಿಯ ಆ ತುದಿಯವರೆಗೆ ಹೋದೆ. ನಿಂತ ಕೈಗಾಡಿ ತೋರಿಸಿದೆ, ಆಡಿನ ಮರಿ ತೋರಿಸಿದೆ, ಖಾಲಿ ಚಹಾದಂಗಡಿಯ ಬೆಂಚಿನ ಮೇಲೆ ನಿಲ್ಲಿಸಿದೆ. "ಇದೆಲ್ಲಾ ನಮ್ಮದ ಅಂಬಿ, ಈಗ ಈ ಊರ ನಮ್ಮಿಬ್ಬರದ," ಅಂದೆ. ಅವಳ ಬಾಯಿ ತೆರೆದೇ ಇತ್ತು. ದನಿ ಇಲ್ಲದೆ ನಗುತ್ತಿದ್ದಾಳೆ ಅಂದುಕೊಂಡೆ. ಲಂಗ ಒದ್ದೆಯಾಯಿತು. ಮಕ್ಕಳಲ್ಲವೇ, ಆಗುತ್ತದೆ. ಮೆಟ್ಟಿಲ ಮೇಲೆ ತೊಡೆಯಲ್ಲಿ ಕೂರಿಸಿಕೊಂಡಾಗ ಅವಳು ಎರಡೂ ಕೈಯಿಂದ ನನ್ನ ಕುತ್ತಿಗೆ ಬಳಸಿ, ಮುಖವನ್ನು ನನ್ನ ಎದೆಯೊಳಗೆ ಒತ್ತಿ ಹಿಡಿದಳು. ನನ್ನ ಐವತ್ತು ವರ್ಷದಲ್ಲಿ ಯಾರೂ ಹಾಗೆ ಹಿಡಿದಿರಲಿಲ್ಲ. ಅಷ್ಟು ಸುಖ ನಾನು ಕಂಡಿರಲಿಲ್ಲ.

ಬಾಗಿಲುಗಳು ತೆರೆದವು. ಕಸ್ತೂರಿ ಬರಿಗಾಲಲ್ಲಿ ಓಡಿ ಬಂದಳು. ಮಗುವನ್ನು ನನ್ನಿಂದ ಬಿಡಿಸಲು ಅದರ ಬೆರಳನ್ನು ಒಂದೊಂದಾಗಿ ಬಿಚ್ಚಬೇಕಾಯಿತು.

"ಅಕೀ ನಮ್ಮ ಪೈಕಿ, ಕಸ್ತೂರಿ," ಅಂದೆ. "ಅಳಲೇ ಇಲ್ಲ ನೋಡು."

"ಅಳಾಕೂ ಆಗದಂಗ ಅಂಜ್ಯಾಳ," ಅಂದಳು ಕಸ್ತೂರಿ. ಅವಳ ದನಿ ನನ್ನದಕ್ಕಿಂತ ಗೊಗ್ಗರಾಗಿತ್ತು. "ಅದರ ಮಾರಿ ನೋಡಲಿಲ್ಲೇನು ನೀನು? ನೋಡಲಿಲ್ಲೇನು?"

"ನೋಡಿದ್ನಲ್ಲ," ಅಂದೆ. ನೋಡಿದ್ದು ನಿಜವೇ.

ಅಂಬಿ ಎರಡು ತಿಂಗಳು ಮಾತಾಡಲಿಲ್ಲ. ನೆಗಡಿ ಹೋಗಿ ಅಳುವ ದನಿ ತಿಳಿಯಾಗಿತ್ತು, ಆದರೆ ಆ ದನಿಯಲ್ಲಿ ಒಂದು ಮಾತೂ ಹೊರಡಲಿಲ್ಲ. ಕಸ್ತೂರಿ ಹೊತ್ತಿನಲ್ಲಿ ಒಳಗಿನಿಂದ ಅಗಳಿ ಹಾಕತೊಡಗಿದಳು. ಊರಿನಲ್ಲಿ ಹಾಗೆ ಮಾಡಿದವಳು ಅವಳೇ ಮೊದಲು. ಒಂದು ಸಂಜೆ ನಾನು ಹೋಗಿ ಬಾಗಿಲು ಬಡಿದೆ. ಮಹಾರುದ್ರ ಹೊರಗೆ ಬಂದು, ನೆಲ ನೋಡುತ್ತ, "ಬರಬ್ಯಾಡ ಅಕ್ಕ. ಸದ್ಯಕ್ಕ ಬರಬ್ಯಾಡ," ಅಂದ.

ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಚಾವಡಿಯಲ್ಲಿ ರೋಗಿಗಳನ್ನು ನೋಡುವ ಡಾಕ್ಟರ್ ಸುಲೋಚನಾಬಾಯಿ ನನ್ನ ಮೊಣಕಾಲಿಗೆ ಮುಲಾಮು ಕೊಡುತ್ತಿದ್ದರು. ಬಹಳ ದಿನದಿಂದ ನನ್ನ ರೆಪ್ಪೆ, ನಾಲಿಗೆ ಎಲ್ಲ ನೋಡಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ಪಟ್ಟಣಕ್ಕೆ ಕರೆದೊಯ್ದು ತಲೆಯ ಚಿತ್ರವನ್ನೂ ತೆಗೆಸಿದ್ದರು. ಆ ಸಲ ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿ, ತಲೆಯ ಚಿತ್ರ ತೆಗೆದು ಬೆಳಕಿಗೆ ಹಿಡಿದು, ಎರಡು ಬಿಳಿ ಚುಕ್ಕೆ ತೋರಿಸಿದರು. "ಬಾದಾಮಿಯಷ್ಟಿರತಾವ ಇವು, ಎಡಕ್ಕೊಂದು ಬಲಕ್ಕೊಂದು. ಅಂಜಿಕಿ ಹುಟ್ಟೋದು ಇಲ್ಲೇ, ಮಂದಿ ಮುಖದಾಗಿನ ಅಂಜಿಕಿ ಗುರುತು ಹಿಡಿಯೋದೂ ಇಲ್ಲೇ. ನಿನಗ ಎರಡೂ ಸುಣ್ಣಗಟ್ಟ್ಯಾವ. ತಾಯಿತಂದಿ ಇಬ್ಬರ ರಕ್ತದಾಗೂ ಅಡಗಿ ಕೂತು ಬಂದದ್ದಿದು. ನಿನ್ನ ತಪ್ಪಲ್ಲ, ಅವರ ತಪ್ಪೂ ಅಲ್ಲ."

ಆಮೇಲೆ ಚೀಲದಿಂದ ಮುಖಗಳ ಫೋಟೊ ತೆಗೆದು ಒಂದೊಂದೇ ತೋರಿಸಿದರು. ನಗುವವಳು, ಅಳುವವಳು, ಸಿಟ್ಟಾದವನು, ಎಲ್ಲ ಸರಿಯಾಗಿ ಹೇಳಿದೆ. ಒಂದರಲ್ಲಿ ಹೆಂಗಸೊಬ್ಬಳು ಬಾಯಿ ತೆರೆದಿದ್ದಳು.

"ಇಕೀ?"

"ಹಾಡಾಕತ್ತಾಳೇನೋ."

"ನೀ ಬರೇ ಬಾಯಿ ನೋಡತೀ ಸಂಕವ್ವ. ಕಣ್ಣು ನೋಡು."

ನೋಡಿದೆ. ಯಾರ ಕಣ್ಣನ್ನೂ ನಾನು ಹಾಗೆ ನೋಡಿರಲಿಲ್ಲ. ಹೇಳುವ ತನಕ ನನಗೆ ಅದು ಹೊಳೆದೂ ಇರಲಿಲ್ಲ. ಕಪ್ಪಿನ ಸುತ್ತ, ಮೇಲೂ ಬಿಳಿ ಕಾಣುತ್ತಿತ್ತು. "ಬಿಳೀ ಭಾಳ ಕಾಣತದ," ಅಂದೆ.

"ಅದ ಅಂಜಿಕಿ," ಅಂದರು ಡಾಕ್ಟರು. "ತಾನಾಗಿ ನಿನಗ ತಿಳಿಯೂದಿಲ್ಲ. ನೆನಪಿಟ್ಟು ನೋಡಬೇಕು. ಪ್ರತಿ ಸಲ."

ಮರುದಿನ ಹೊತ್ತಿನಲ್ಲಿ ಕಸ್ತೂರಿಯ ಮನೆಯ ಕಿಟಕಿಗೆ ಹೋದೆ. ಸರಳಿಗೆ ಮುಖ ಒತ್ತಿ ಒಳಗೆ ನೋಡಿದೆ. ಮೂವರೂ ಗೋಡೆಗೆ ಒರಗಿ ಒಂದೇ ಗಂಟಿನ ಹಾಗೆ ಕೂತಿದ್ದರು, ನಡುವೆ ಅಂಬಿ. ಕಣ್ಣು ನೋಡು, ಕಣ್ಣು ನೋಡು ಎಂದು ಬಾಯಲ್ಲಿ ಹೇಳಿಕೊಂಡೇ ನೋಡಿದೆ. ಆರು ಕಣ್ಣಲ್ಲೂ ಬಿಳಿ. ಅಷ್ಟು ವರ್ಷ ಓಣಿ ಓಣಿ ತಿರುಗಿದವಳಿಗೆ ಊರು ದಿನಾ ಏನು ಅನುಭವಿಸುತ್ತಿತ್ತು ಎಂಬುದು ಆವತ್ತು ಮೊದಲ ಸಲ ಕಂಡಿತು. ಇಂಥದ್ದರೊಳಗಿಂದ ಮಗುವನ್ನು ಅದರ ಅವ್ವನ ಕೈ ತಪ್ಪಿಸಿ ಬೀದಿಗೆ ಎಳೆದೊಯ್ದಿದ್ದೆ.

ಓಣಿಯಲ್ಲಿ ಬಾಗಿಲುಗಳ ಸದ್ದಾಯಿತು. ಹೊತ್ತು ಹೋಯಿತು. ಮಹಾರುದ್ರನ ಕಣ್ಣಿನ ಬಿಳಿ ತಗ್ಗಿತು, ಕಸ್ತೂರಿಯದು ತಗ್ಗಿತು. ಅಂಬಿಯದು ತಗ್ಗಲಿಲ್ಲ. ಅವಳು ಕಿಟಕಿಯನ್ನೇ ನೋಡುತ್ತಿದ್ದಳು. ಹೊತ್ತು ಹೋದ ಮೇಲೂ ಉಳಿದ ಆ ಬಿಳಿ ಯಾತಕ್ಕೆ ಎಂಬುದು ತಿಳಿಯಲು ನನಗೆ ಸ್ವಲ್ಪ ತಡವಾಯಿತು. ಅಲ್ಲಿದ್ದವಳು ನಾನೊಬ್ಬಳೇ.

ಒಂದು ಹೆಜ್ಜೆ ಹಿಂದೆ ಇಟ್ಟೆ, ಕಣ್ಣು ನೋಡಿದೆ. ಇನ್ನೊಂದು ಹೆಜ್ಜೆ. ಹಿಂದೆ ಹಿಂದೆ ಹೋಗುತ್ತ ಬೀದಿ ದಾಟಿದೆ. ಎದುರು ಮನೆಯ ಕಟ್ಟೆ ಕಾಲಿಗೆ ತಾಗಿದಾಗ ಅವಳು ಕಿಟಕಿಗೇ ಬಂದು ಸರಳು ಹಿಡಿದು ನಿಂತಿದ್ದಳು. ಅಲ್ಲಿಂದಲೂ ಕಂಡಿತು, ಬಿಳಿ ಇಳಿದಿತ್ತು. ಇಪ್ಪತ್ತೆರಡು ಹೆಜ್ಜೆ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ.

ಕಸ್ತೂರಿ ಬಾಗಿಲಿಗೆ ಬಂದಳು. "ಏನ್ ಮಾಡಾಕತ್ತೀ ಅಲ್ಲಿ?"

"ಕುಂತೀನಿ. ಇಲ್ಲಿ ಕುಂತ್ರ ಕೂಸು ಅಂಜೂದಿಲ್ಲ."

"ಅಂತ ಯಾರ ಹೇಳಿದ್ರು?"

"ಯಾರೂ ಹೇಳಲಿಲ್ಲ. ನಾನ ನೋಡಿದೆ."

ಕಸ್ತೂರಿ ಹೊಸ್ತಿಲ ಮೇಲೆ ಕೂತಳು. ಬಹಳ ಹೊತ್ತು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಮುಚ್ಚಿದ್ದರಿಂದ ನನಗೆ ಏನೂ ಓದಲಾಗಲಿಲ್ಲ. ಬಾ ಎಂದು ಅವಳು ಕರೆಯಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.

"ಕಸ್ತೂರಿ, ಅಕೀ ನನ್ನಂಗ ಆಗಲಿ ಅಂತ ಬೇಡಿಕೊಂಡಿದ್ದೆ," ಅಂದೆ. ಯಾಕೆ ಹೇಳಿದೆನೋ. ಹೇಳಬಾರದೆಂಬ ಅಳುಕೂ ನನಗೆ ಹುಟ್ಟುವುದಿಲ್ಲವಲ್ಲ.

"ಗೊತ್ತಿತ್ತು ನನಗ," ಅಂದಳು ಸೆರಗಿನೊಳಗಿಂದ. "ನಾ ನಿನ್ನ ತಂಗಿ ಅದೀನಿ."

ಕಣ್ಣು ನೋಡುವುದನ್ನು ಕಲಿತ ಮೇಲೆ ಊರು ನನಗೆ ಬೇರೆಯಾಗಿ ಕಂಡಿತು. ಚಹಾದಂಗಡಿಯವನ ಕಣ್ಣಲ್ಲಿ, ನೀರಿಗೆ ಬಂದ ಹುಡುಗಿಯರ ಕಣ್ಣಲ್ಲಿ, ಕಲ್ಲನಗೌಡರ ಕಣ್ಣಲ್ಲೂ, ನಾನು ಹತ್ತಿರ ಹೋದಾಗ ಒಂದು ಎಳೆ ಬಿಳಿ ಏಳುತ್ತಿತ್ತು, ಬೆಳಗಿನ ಹತ್ತು ಗಂಟೆಗೂ. ಇಷ್ಟು ವರ್ಷವೂ ಹಾಗೇ ಇದ್ದಿರಬೇಕು. ಒಬ್ಬೊಬ್ಬರಿಗೂ ಎಷ್ಟು ದೂರ ಬೇಕೆಂದು ಹೆಜ್ಜೆ ಹಾಕಿ ತಿಳಿದುಕೊಂಡೆ. ಚಹಾದವನಿಗೆ ನಾಲ್ಕು, ಗೌಡರಿಗೆ ಆರು. ಈಗ ಅಷ್ಟು ದೂರದಲ್ಲೇ ನಿಲ್ಲುತ್ತೇನೆ. ಸಂಕವ್ವ ವಯಸ್ಸಾದ ಮೇಲೆ ಸುಧಾರಿಸಿದಳು ಎಂದು ಜನ ಅನ್ನುತ್ತಾರೆ. ನನ್ನ ನಂತರ ಯಾರು ಎಂದು ಗೌಡರು ಈಗ ಕೇಳುವುದಿಲ್ಲ. ಹೊತ್ತಿಗೆ ಮುಂಚೆ ಒಲೆ ಆರಿಸಿದೆಯೇ ಎಂದು ಮನೆ ಮನೆಗೆ ಹೋಗಿ ನೋಡಲು ಜನರನ್ನು ನೇಮಿಸಿದ್ದಾರೆ. ಅದೂ ಒಳ್ಳೆಯದೇ. ಕುಸಿದವರನ್ನು ಎತ್ತಲು ಮಾತ್ರ ನಾನಿನ್ನೂ ಹೋಗುತ್ತೇನೆ, ಕೋಲು ಹಿಡಿದು.

ಹೊತ್ತು ಹೋದ ಮೇಲೆ ದಿನಾ ಆ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತು ಬರುವುದನ್ನು ನಾನು ಬಿಡಲಿಲ್ಲ. ಆರು ವರ್ಷವಾಯಿತು. ಅಂಬಿ ಮಾತಾಡತೊಡಗಿದಳು, ಶಾಲೆಗೆ ಸೇರಿದಳು, ಹೊತ್ತು ಹೋದ ಕೂಡಲೇ ಶಾಲೆ ಬಿಟ್ಟು ಮನೆಗೆ ಬರುತ್ತಿದ್ದಳು. ಮೊದಮೊದಲು ಕಿಟಕಿಯಲ್ಲಿ ನಿಲ್ಲುತ್ತಿದ್ದಳು, ಆಮೇಲೆ ಬಾಗಿಲಲ್ಲಿ. ಒಂದು ದಿನ ಬಾಗಿಲಿನಿಂದಲೇ ಕೂಗಿದಳು, "ದೊಡ್ಡವ್ವ, ನಿನಗ ಏನಂದ್ರ ಏನೂ ಅಂಜಿಕಿ ಇಲ್ಲೇನು?"

"ಇಲ್ಲವಾ."

"ಹಂಗಾದ್ರ ಹೊತ್ತಿನ್ಯಾಗ ನಿನ್ನ ಯಾರು ಹಿಡ್ಕೋತಾರ?"

"ಯಾರೂ ಇಲ್ಲ," ಅಂದೆ. ಅವಳು ಅದನ್ನು ಸ್ವಲ್ಪ ಹೊತ್ತು ಯೋಚಿಸಿ ಒಳಗೆ ಹೋದಳು.

ಹೋದ ವಾರ ಅವಳು ಬೀದಿಗೆ ಇಳಿದಳು. ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ಮಹಾರುದ್ರ ಹೊಲಿದ ಹಳದಿ ಲಂಗ. ಶಾಲೆಯಿಂದ ತಂದ ಸುಣ್ಣದ ಕಡ್ಡಿಯಿಂದ ಬೀದಿಯ ನಡುವೆ ಒಂದು ಗೆರೆ ಎಳೆದು, "ಇಲ್ಲೀ ತನಕ ಬಾ," ಅಂದಳು. ಬಂದೆ. ಕಣ್ಣು ನೋಡಿದೆ. ಒಂದು ಎಳೆ ಬಿಳಿ ಎದ್ದಿತ್ತು. ಒಂದು ಹೆಜ್ಜೆ ಹಿಂದೆ ಸರಿದೆ.

"ಯಾಕ? ನಾನ ಬಾ ಅಂದೀನಲ್ಲ!"

"ನಿನ್ನ ಕಣ್ಣು ಬ್ಯಾಡ ಅಂತಾವ ಅಂಬಿ."

ಅವಳಿಗೆ ಸಿಟ್ಟು ಬಂತು. ಸಿಟ್ಟು ನನಗೆ ಚೆನ್ನಾಗಿ ತಿಳಿಯುತ್ತದೆ. ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡು, "ಈಗ ಬಾ," ಅಂದಳು.

ಹೆಜ್ಜೆ ಏಳಲಿಲ್ಲ. ಮುಚ್ಚಿದ ಕಣ್ಣಿನ ಒಳಗೆ ಏನಿದೆಯೋ ಯಾರಿಗೆ ಗೊತ್ತು. ಒಮ್ಮೆ ಗೊತ್ತಿಲ್ಲದೆ ಕೈ ಹಿಡಿದದ್ದು ಸಾಕು. ಕೋಲು ಪಕ್ಕಕ್ಕಿಟ್ಟು, ಬೀದಿಯ ಮಣ್ಣಿನ ಮೇಲೇ ಮೊಣಕಾಲು ಮಡಚಿ ಕೂತೆ. "ನಾ ಇಲ್ಲೇ ಅದೀನಿ. ಬರೂದಾದ್ರ ನೀನ ಬಾ. ಬರದಿದ್ರೂ ನಡೀತದ," ಅಂದೆ.

ಅವಳು ಬೆರಳ ಸಂದಿಯಿಂದ ನೋಡಿದಳು. ಕಸ್ತೂರಿ ಬಾಗಿಲಲ್ಲಿ ಬಂದು ನಿಂತದ್ದು ನನಗೆ ಕಂಡಿತು. ಅಂಬಿ ಕೈ ಇಳಿಸಿ, ನನ್ನ ಕಡೆಗೆ ಬೆನ್ನು ತಿರುಗಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಗೆರೆ ದಾಟಿದಳು. ನನ್ನಿಂದ ಒಂದು ಮೊಳ ದೂರದಲ್ಲಿ, ಬೆನ್ನು ಹಾಕಿಯೇ, ನೆಲದ ಮೇಲೆ ಕೂತಳು.

"ಹಿಂಗ ಕುಂತ್ರ ನನಗೇನೂ ಆಗೂದಿಲ್ಲ," ಅಂದಳು. ಆಮೇಲೆ ಶಾಲೆಯಲ್ಲಿ ಜಡೆ ಎಳೆದ ಹುಡುಗಿಯೊಬ್ಬಳ ಕಥೆ ಹೇಳತೊಡಗಿದಳು. ಅವಳ ಹೆಗಲು ಒಂದೆರಡು ಸಲ ನಡುಗಿದ ಹಾಗಿತ್ತು, ನಗುವಿಗೋ ಮತ್ತೆ ಯಾತಕ್ಕೋ. ಕೈ ಚಾಚಿದರೆ ಜಡೆ ಸಿಗುವಷ್ಟು ಹತ್ತಿರವಿದ್ದಳು. ನಾನು ಹೂಂಗುಟ್ಟುತ್ತ ಕೇಳಿದೆ. ಮುಟ್ಟಲಿಲ್ಲ.